ನೀಲಿ ಗೆರೆಯ ಲೋಹ



ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಎಲ್‌ಸಿಡಿ ಟಿವಿಯನ್ನು ಮೊನ್ನೆ ನಾನೂ ಮಗಳೂ ಊರಿನ ವೆರ್ಟ್‌ಸ್ಟೋಫ್‌ಹೋಫ್‌ಗೆ ಒಯ್ದೆವು. "ಅಮ್ಮಾ, ಇದರೊಳಗೆ ಚಿನ್ನ ಇರುತ್ತಂತೆ, ಹೌದಾ?" ಎಂದಳು. ಸರ್ಕ್ಯೂಟ್ ಬೋರ್ಡಿನಲ್ಲಿ ಚೂರುಪಾರು ಇರುತ್ತದೆ, ನಿಜ. ಆದರೆ ನಾವು ದಿನವೂ ನೋಡುವ ಗಾಜಿನಲ್ಲೇ ಇನ್ನೊಂದು ಲೋಹವಿದೆ, ಇಂಡಿಯಂ. ಅದು ಸಿಕ್ಕಿದ್ದು ಇಲ್ಲೇ, ಜರ್ಮನಿಯಲ್ಲಿ.

ಡ್ರೆಸ್ಡನ್ ಹತ್ತಿರ ಫ್ರೈಬರ್ಗ್ ಎಂಬ ಊರಿದೆ. ದಕ್ಷಿಣದ ಫ್ರೈಬುರ್ಗ್ ಅಲ್ಲ, ನಾನೂ ಮೊದಲು ಅದೇ ಅಂದುಕೊಂಡಿದ್ದೆ! 1168ರ ಸುಮಾರಿಗೆ ಬೆಳ್ಳಿ ಸಿಕ್ಕ ಮೇಲೆ ಬೆಳೆದ ಊರದು. 1765ರಲ್ಲಿ ಗಣಿ ವಿದ್ಯಾಲಯವೂ ಬಂತು. ಅಲ್ಲಿನ ಪ್ರಾಧ್ಯಾಪಕ ಫರ್ಡಿನಾಂಡ್ ರೈಖ್ 1863ರಲ್ಲಿ ಸತುವಿನ ಅದಿರಿನಲ್ಲಿ ಥಾಲಿಯಂ ಎಂಬ ಲೋಹವನ್ನು ಹುಡುಕುತ್ತಿದ್ದರು. ಪ್ರತಿ ಧಾತುವೂ ಉರಿಯಲ್ಲಿ ತನ್ನದೇ ಬಣ್ಣದ ಗೆರೆಗಳನ್ನು ತೋರಿಸುತ್ತದೆಂದು ಬುನ್ಸೆನ್ ಮತ್ತು ಕಿರ್ಕಾಫ್ ಹೈಡೆಲ್‌ಬರ್ಗ್‌ನಲ್ಲಿ ಆಗಷ್ಟೇ ಕಂಡುಕೊಂಡಿದ್ದರು. ಥಾಲಿಯಂನದು ಹಸಿರು ಗೆರೆ.

ಕಷ್ಟ ಏನೆಂದರೆ, ರೈಖ್ ಬಣ್ಣಗುರುಡರು. ಆದ್ದರಿಂದ ಸಹಾಯಕ ಥಿಯೋಡೋರ್ ರಿಖ್ಟರ್‌ಗೆ ನೋಡಲು ಹೇಳಿದರು. ರಿಖ್ಟರ್‌ಗೆ ಹಸಿರು ಕಾಣಲಿಲ್ಲ. ಅದುವರೆಗೆ ಯಾರೂ ಗುರುತಿಸದಿದ್ದ ಕಡುನೀಲಿ ಗೆರೆಯೊಂದು ಕಂಡಿತು. ಆ ಇಂಡಿಗೋ ಬಣ್ಣದಿಂದಲೇ ಲೋಹಕ್ಕೆ ಇಂಡಿಯಂ ಎಂದು ಹೆಸರಾಯಿತು. ನಿಮಗೆ ಇಂಡಿಗೋ ಎಂದರೆ ಬೆಂಗಳೂರಿಗೆ ಹೋಗುವ ವಿಮಾನ ನೆನಪಾಗಬಹುದು. ಮೂಲದಲ್ಲಿ ಅದು ನೀಲಿ ಗಿಡದ ಬಣ್ಣ, ಲ್ಯಾಟಿನ್‌ನಲ್ಲಿ ಇಂಡಿಕಂ, ಅಂದರೆ ಭಾರತದಿಂದ ಬಂದದ್ದು. ಲೋಹದ ಹೆಸರು ನೇರವಾಗಿ ದೇಶದಿಂದಲ್ಲ, ಬಣ್ಣದ ಮೂಲಕ ಬಂದಿದೆ.

ಮುಂದೆ ರಿಖ್ಟರ್ ಅದನ್ನು ಕಂಡುಹಿಡಿದವನು ತಾನೊಬ್ಬನೇ ಎಂದು ಹೇಳಿಕೊಂಡರೆಂದು ರೈಖ್ ನೊಂದರಂತೆ. ನೋಯದೆ ಇರುತ್ತಾರೆಯೇ? ಅದಿರನ್ನು ಆಮ್ಲದಲ್ಲಿ ಕರಗಿಸಿ ಬೇರ್ಪಡಿಸಿದ ದುಡಿಮೆ ಅವರದು.

ಬಹಳ ವರ್ಷ ಈ ಲೋಹಕ್ಕೆ ಹೆಚ್ಚು ಕೆಲಸವಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಎಂಜಿನ್ ಬೇರಿಂಗುಗಳಿಗೆ ಲೇಪಿಸಿದರು. ಅದಕ್ಕೆ ನಿಜವಾದ ಬೇಡಿಕೆ ತಂದದ್ದು ಚಪ್ಪಟೆ ಪರದೆಗಳು. ಸುಮಾರು 90 ಪಾಲು ಇಂಡಿಯಂ ಆಕ್ಸೈಡಿಗೆ 10 ಪಾಲು ತವರದ ಆಕ್ಸೈಡ್ ಬೆರೆಸಿದರೆ ವಿದ್ಯುತ್ ಹರಿಯುವ, ಆದರೂ ಪಾರದರ್ಶಕವಾದ ಪದರ ಸಿಗುತ್ತದೆ. ಅದು ಕೂದಲೆಳೆಯ ದಪ್ಪದ ನೂರನೇ ಒಂದು ಭಾಗವೂ ಇರುವುದಿಲ್ಲ.

ಅದನ್ನು ವಾಪಸ್ ತೆಗೆಯುವ ದಾರಿ ರೈಖ್ ಅವರ ದಾರಿಯನ್ನೇ ನೆನಪಿಸುತ್ತದೆ. ಹಳೆಯ ಟಿವಿಯಾದರೆ ಮೊದಲು ಪಾದರಸವಿರುವ ಹಿಂಬದಿಯ ದೀಪಗಳನ್ನು ಜೋಪಾನವಾಗಿ ಬಿಚ್ಚಬೇಕು. ಪ್ಲಾಸ್ಟಿಕ್ ಹಾಳೆ ಸುಲಿದು, ಗಾಜು ಪುಡಿಮಾಡಿ ಆಮ್ಲದಲ್ಲಿ ನೆನೆಸಿದರೆ ಇಂಡಿಯಂ ಕರಗುತ್ತದೆ. ಎಷ್ಟು ಕರಗಿದೆಯೆಂದು ತಿಳಿಯಲು ದ್ರಾವಣವನ್ನು ಆರ್ಗಾನ್ ಪ್ಲಾಸ್ಮಾದೊಳಗೆ ಸಿಂಪಡಿಸಿ, ಹೊಮ್ಮುವ ಬೆಳಕಿನ ಗೆರೆಗಳನ್ನು ಉಪಕರಣದಿಂದ ಅಳೆಯುತ್ತಾರೆ. ಈಗ ಬಣ್ಣಗುರುಡರಿಗೂ ಇನ್ನೊಬ್ಬರ ಕಣ್ಣು ಬೇಕಿಲ್ಲ.

ಹಾಗಾದರೆ ತೊಡಕೆಲ್ಲಿ? ಒಂದು ಟನ್ ಪರದೆ ಗಾಜಿನಲ್ಲಿ ಸಿಗುವುದು ಕೆಲವು ನೂರು ಗ್ರಾಂ ಅಷ್ಟೇ. ಅಷ್ಟಕ್ಕಾಗಿ ಇಷ್ಟೆಲ್ಲ ಮಾಡುವುದು ಖರ್ಚಿಗೆ ಗಿಟ್ಟುವುದು ಕಷ್ಟ. ಪರದೆ ತಯಾರಿಸುವಾಗ ಉಳಿಯುವ ಇಂಡಿಯಂ ಚೂರುಗಳನ್ನು ಕಾರ್ಖಾನೆಗಳು ಜಾಗ್ರತೆಯಿಂದ ಮರುಬಳಸುತ್ತವೆ. ನಾವು ಬಿಸಾಡಿದ ಪರದೆಗಳದ್ದು ಬಹುಪಾಲು ಕಳೆದೇ ಹೋಗುತ್ತದೆ. ಫ್ರೈಬರ್ಗ್‌ನಲ್ಲೇ 2011ರಿಂದ ಹೆಲ್ಮ್‌ಹೋಲ್ಟ್ಸ್ ಸಂಸ್ಥೆಯೊಂದು ಅದಿರಿನಿಂದಲೂ ತ್ಯಾಜ್ಯದಿಂದಲೂ ಲೋಹ ಪಡೆಯುವ ಬಗ್ಗೆ ಸಂಶೋಧನೆ ನಡೆಸುತ್ತಿದೆ.

ಟಿವಿ ಇಳಿಸಿಕೊಂಡವರನ್ನು ಮಗಳು ಜರ್ಮನ್‌ನಲ್ಲಿ ಕೇಳಿಯೇಬಿಟ್ಟಳು, "ಇದರ ಇಂಡಿಯಂ ತೆಗೆಯುತ್ತೀರಾ?" ಅವರು ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡರು.