ತೋಟಾಕೋಶವೂ ಕೋವಿಯ ಗರ್ಭವೂ: ಒಂದು ಅಳತೆಯ ವಿರೋಧದ ಚರಿತ್ರೆ

ತುಪ್ಪಕ್ಕೆ ಪಾತ್ರೆಯು ಆಧಾರವೋ ಪಾತ್ರೆಗೆ ತುಪ್ಪವು ಆಧಾರವೋ ಎಂದು ಪರೀಕ್ಷಿಸಹೊರಟು ಪಾತ್ರೆಯನ್ನೇ ಬೋರಲು ಹಾಕಿದ ತಾರ್ಕಿಕನ ಕಥೆಯನ್ನು ಪಾಠಶಾಲೆಗಳಲ್ಲಿ ಹೇಳಿ ನಗುವುದುಂಟು. ಆದರೆ ಆಧಾರಾಧೇಯಗಳ ಈ ವಿಚಾರವು ಪರಿಹಾಸಕ್ಕೆಡೆಯಿಲ್ಲದಂತೆ ಮನುಷ್ಯರ ಪ್ರಾಣದ ಪ್ರಶ್ನೆಯಾಗಿ ಪರಿಣಮಿಸಿದ ಸಂದರ್ಭಗಳು ಯಂತ್ರಶಿಲ್ಪದ ಚರಿತ್ರೆಯಲ್ಲಿ ಇಲ್ಲದಿಲ್ಲ. ಕೋವಿಯ ತೋಟಾ ನಳಿಗೆಯ ಬುಡದಲ್ಲಿರುವ ಗರ್ಭದೊಳಕ್ಕೆ ಸರಿಯಾಗಿ ಸೇರದೆ, ಅಥವಾ ಸೇರಿದ ಬಳಿಕ ಹೊರಕ್ಕೆ ಬಾರದೆ ಹೋದಾಗ, ದೋಷವು ಆಧೇಯವಾದ ತೋಟಾದ್ದೋ ಆಧಾರವಾದ ಕೋವಿಯದೋ ಎಂಬ ವಿವಾದವು ಅಂಥವುಗಳಲ್ಲೊಂದು. ಈ ವಿವಾದವು ಸೇನೆಗಳಲ್ಲಿ ಹುಟ್ಟಿ, ಅನಂತರ ಅಮೆರಿಕದ ಸಣ್ಣ ಕಮ್ಮಟಗಳನ್ನು ಸೇರಿ, ಅಲ್ಲಿ ಒಂದು ಪರೀಕ್ಷಾಕ್ರಮವನ್ನೇ ಉಂಟುಮಾಡಿತು.

ಮೊದಲು ಪದಗಳ ವಿಚಾರ. ಮದ್ದು, ಗುಂಡು, ಕೇಪು ಈ ಮೂರನ್ನೂ ಒಂದೆಡೆಯಲ್ಲಿ ಹಿಡಿದಿಡುವ ಹಿತ್ತಾಳೆಯ ಕೋಶಕ್ಕೆ ಬುಡ, ಒಡಲು, ಹೆಗಲು, ಕೊರಳು, ಬಾಯಿ ಎಂಬ ಅವಯವಗಳನ್ನು ಕಲ್ಪಿಸಬಹುದು. ಇಂಗ್ಲಿಷರೂ ದೇಹದ ಹೆಸರುಗಳನ್ನೇ ಇಟ್ಟಿದ್ದಾರೆ. ಆದರೆ ಅವರು ಬುಡವನ್ನು ತಲೆಯೆಂದು ಕರೆಯುವುದರಿಂದ ಅವರ ತೋಟಾಕ್ಕೆ ತಲೆಯೊಂದು ತುದಿಯಲ್ಲಿಯೂ ಬಾಯಿ ಮತ್ತೊಂದು ತುದಿಯಲ್ಲಿಯೂ ಇರುವ ವಿಚಿತ್ರವು ಒದಗಿದೆ. ಇಲ್ಲಿ ಬುಡವೆಂದೇ ಹೇಳಲಾಗುವುದು.

ಕೋಶಕ್ಕೆ ಹಿತ್ತಾಳೆಯೇ ಏಕೆ ಎಂಬುದನ್ನು ತಿಳಿಯದೆ ಮುಂದಿನ ವಿಷಯವು ತಿಳಿಯುವಂತಿಲ್ಲ. ನೂರಕ್ಕೆ ೭೦ ಪಾಲು ತಾಮ್ರವೂ ೩೦ ಪಾಲು ಸತುವೂ ಸೇರಿದ ಹಿತ್ತಾಳೆಯು ಈ ಕಾರ್ಯಕ್ಕೆ ವಿಶೇಷವಾಗಿ ಒಗ್ಗಿದೆ. ಈಡು ಹೊತ್ತಿಕೊಂಡ ಕ್ಷಣದಲ್ಲಿ ಕೋಶವು ಹಿಗ್ಗಿ ಗರ್ಭದ ಗೋಡೆಗೆ ಅಂಟಿಕೊಂಡು ಹೊಗೆಯು ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಗುಂಡು ಹೊರಟ ಮೇಲೆ ಕೂದಲೆಳೆಯಷ್ಟು ಕುಗ್ಗಿ ಗೋಡೆಯನ್ನು ಬಿಡುತ್ತದೆ. ಹಿಗ್ಗುವುದು ಹೆಚ್ಚು, ಕುಗ್ಗುವುದು ಕಡಮೆ. ಆದುದರಿಂದ ಒಮ್ಮೆ ಈಡಾದ ಕೋಶವು ಮೊದಲಿನ ಅಳತೆಯದಲ್ಲ. ತಾನಿದ್ದ ಗರ್ಭದ ಅಚ್ಚನ್ನು ಅದು ತನ್ನ ಮೈಯಲ್ಲಿ ಹೊತ್ತು ಬರುತ್ತದೆ. ಮತ್ತೆ ಬಳಸಬೇಕಾದರೆ ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಹಾಗೆ ಒತ್ತಿದ ಮೇಲೂ ಅದು ಗರ್ಭವನ್ನು ಹೊಗಲೊಲ್ಲದೆ ಹೋದರೆ ಅದೇ ಪ್ರಕೃತ ವ್ಯಾಧಿ.

ಆಂಗ್ಲಸೇನೆಯಲ್ಲಿ ೧೮೬೬ರಲ್ಲಿ ಅಂಗೀಕೃತವಾದ ಸ್ನೈಡರ್ ಕೋವಿಗೆ ವೂಲಿಚ್ಚಿನ ಕರ್ನಲ್ ಬಾಕ್ಸರನು ರಚಿಸಿದ ತೋಟಾ ಎರಕದ್ದೂ ಅಲ್ಲ, ಎಳೆದದ್ದೂ ಅಲ್ಲ; ತೆಳುವಾದ ಹಿತ್ತಾಳೆಯ ತಗಡನ್ನು ಸುರುಳಿ ಸುತ್ತಿ ಕಬ್ಬಿಣದ ಬುಡಕ್ಕೆ ಸೇರಿಸಿದ್ದು. ೧೮೭೧ರಲ್ಲಿ ಮಾರ್ಟಿನಿ-ಹೆನ್ರಿ ಕೋವಿಯು ಬಂದಾಗ .೫೭೭ ಅಂಗುಲದ ಅದೇ ಜಾತಿಯ ಕೋಶದ ಕೊರಳನ್ನು ಹಿಸುಕಿ .೪೫೦ ಅಂಗುಲದ ಗುಂಡಿಗೆ ಹೊಂದಿಸಿದರು. ಒಂದು ಅಳತೆಯ ಕೋಶವನ್ನು ಇನ್ನೊಂದು ಅಳತೆಯ ಗುಂಡಿಗಾಗಿ ಕೊರಳು ಹಿಸುಕುವ ಈ ವಿದ್ಯೆಯನ್ನು ಮುಂದೆ ಅಮೆರಿಕದವರು ತಮ್ಮದೆಂಬಂತೆ ಬೆಳೆಸಿದರಾದರೂ, ಅದರ ಮಾದರಿಯು ಆಗಲೇ ಇದ್ದುದನ್ನು ಗಮನಿಸಬೇಕು. ಸುರುಳಿಯ ತಗಡಿನ ಬಲಹೀನತೆಯು ಸೂಡಾನಿನ ಮರಳುಗಾಡಿನಲ್ಲಿ ಬಯಲಾಯಿತು. ೧೮೮೫ನೆಯ ಜನವರಿ ೧೭ರಂದು ಅಬು ಕ್ಲೆಯಾದಲ್ಲಿ ಶತ್ರುಗಳು ಮೈಮೇಲೆ ಬಿದ್ದಾಗ, ಕಾದು ಮರಳು ಹಿಡಿದ ಕೋವಿಗಳಲ್ಲಿ ಕೋಶಗಳು ಸಿಕ್ಕಿಕೊಂಡವು. ಬಳಿಕ ಒಂದೇ ಬಿಲ್ಲೆಯಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆಯ ಕೋಶವು ಸುರುಳಿಯ ಸ್ಥಾನವನ್ನು ಪಡೆಯಿತು. ಅಲ್ಲಿ ದೋಷವು ಬಹುಮಟ್ಟಿಗೆ ಆಧೇಯದ್ದೆಂದು ನಿರ್ಣಯಿಸುವುದು ಸುಲಭ.

ಮೂವತ್ತು ವರ್ಷಗಳ ತರುವಾಯ ನಡೆದುದು ಅಷ್ಟು ಸುಲಭವಾದುದಲ್ಲ. ಸ್ಕಾಟ್ಲೆಂಡಿನ ಸರ್ ಚಾರ್ಲ್ಸ್ ರಾಸ್ ಎಂಬವನು ಕೆನಡಾದ ಕ್ವಿಬೆಕ್ ಪಟ್ಟಣದ ಕಾರ್ಖಾನೆಯಲ್ಲಿ ಆ ದೇಶದ ಸೇನೆಗೆ ಕೋವಿಗಳನ್ನು ಮಾಡಿಸುತ್ತಿದ್ದನು. ಹಿಡಿಯನ್ನು ಎತ್ತಿ ತಿರುಗಿಸದೆ ನೇರವಾಗಿ ಹಿಂದಕ್ಕೆಳೆದರೆ ಬೋಲ್ಟು ಬಿಚ್ಚಿಕೊಳ್ಳುವುದೇ ಇದರ ವಿಶೇಷ. ಗುರಿಯ ಪಂದ್ಯಗಳಲ್ಲಿ ಇದಕ್ಕೆ ಒಳ್ಳೆಯ ಹೆಸರಿತ್ತು. ಸೇನಾಮಂತ್ರಿಯಾದ ಸ್ಯಾಮ್ ಹ್ಯೂಸನ ಅಭಿಮಾನವೂ ಇದಕ್ಕೆ ಬೆಂಬಲವಾಗಿತ್ತು. ೧೯೧೫ನೆಯ ಏಪ್ರಿಲ್ ೨೨ರಂದು ಬೆಲ್ಜಿಯಮ್ಮಿನ ಈಪ್ರದ ಬಳಿ ಜರ್ಮನರು ಕ್ಲೋರೀನ್ ವಿಷವಾಯುವನ್ನು ಬಿಟ್ಟಾಗ ಮುರಿದ ಸಾಲನ್ನು ತುಂಬಿ ನಿಂತ ಕೆನಡಾದ ಸೈನಿಕರ ಕೈಯಲ್ಲಿ ಇದ್ದುದು ಈ ಕೋವಿಯೇ. ಕೆಲವು ಈಡುಗಳಾಗುವಷ್ಟರಲ್ಲಿ ಬೋಲ್ಟು ಬಿಗಿದುಕೊಂಡಿತು. ಉಸಿರು ಕಟ್ಟುತ್ತಿದ್ದ ಸೈನಿಕರು ಬೂಟಿನ ಹಿಮ್ಮಡಿಯಿಂದ ಒದ್ದು, ಅಗೆಯುವ ಸಲಿಕೆಯಿಂದ ಬಡಿದು ಅದನ್ನು ಬಿಚ್ಚಬೇಕಾಯಿತು. ಆ ಯುದ್ಧದಲ್ಲಿ ಉಳಿದ ಸುಮಾರು ೫,೦೦೦ ಮಂದಿಯಲ್ಲಿ ೧,೪೫೨ ಮಂದಿ ರಾಸ್ ಕೋವಿಯನ್ನು ಬಿಸುಟು, ಸತ್ತವರ ಲೀ-ಎನ್‌ಫೀಲ್ಡ್ ಕೋವಿಗಳನ್ನು ತೆಗೆದುಕೊಂಡಿದ್ದರೆಂದು ಅಧಿಕೃತ ಲೆಕ್ಕವಿದೆ. ಸೈನಿಕನು ತನ್ನ ಆಯುಧವನ್ನು ಬಿಡುವುದು ಎಲ್ಲ ದೇಶಗಳಲ್ಲಿಯೂ ಅಪರಾಧವೆಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥವು ಹೊಳೆಯುತ್ತದೆ.

ಈಗ ವಾದ ಪ್ರತಿವಾದಗಳು. ತೋಟಾದ ಮೇಲೆ ತಪ್ಪು ಹೊರಿಸಿದವರ ವಾದವಿದು: ರಾಸ್ ಕೋವಿಯ ಗರ್ಭವನ್ನು ಬಹು ಬಿಗಿಯಾದ ಅಳತೆಗೆ ಕೊರೆದಿತ್ತು, ಅದಕ್ಕೆ ಸರಿಹೊಂದುವ ತೋಟಾಗಳು ಕೆನಡಾದ ಸರ್ಕಾರೀ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು, ಯುದ್ಧರಂಗದಲ್ಲಿ ಕೈಗೆ ಬಂದುದಾದರೋ ಆತುರದಲ್ಲಿ ಮಾಡಿದ, ಅಳತೆಯಲ್ಲಿ ಸಡಿಲವಾದ ಆಂಗ್ಲ ತೋಟಾ. ಲೀ-ಎನ್‌ಫೀಲ್ಡಿನ ವಿಶಾಲವಾದ ಗರ್ಭವು ಅದನ್ನು ಸಹಿಸಿತು, ರಾಸ್ ಸಹಿಸಲಿಲ್ಲ. ಕೋವಿಯನ್ನು ದೂರಿದವರ ವಾದವಾದರೋ, ಯುದ್ಧದ ಕೋವಿಯು ಯುದ್ಧದ ತೋಟಾವನ್ನು ನುಂಗಲಾರದಿದ್ದರೆ ಅದು ಯುದ್ಧದ ಕೋವಿಯೇ ಅಲ್ಲವೆಂಬುದು. ಇವೆರಡೂ ಅರ್ಧಸತ್ಯಗಳು. ತರುವಾಯದ ಪರೀಕ್ಷೆಯಲ್ಲಿ ಮೂರನೆಯ ಕಾರಣವೊಂದು ಹೊರಬಿದ್ದಿತು. ಬೋಲ್ಟನ್ನು ಹಿಂದಕ್ಕೆಳೆದಾಗಲೆಲ್ಲ ಅದರ ಬೀಗದ ಹಲ್ಲಿನ ಹಿಂಭಾಗವು ಅದನ್ನು ತಡೆಯುವ ಸಣ್ಣ ಕೀಲಿಗೆ ಬಡಿಯುತ್ತಿತ್ತು. ಉಕ್ಕಿಗೆ ಕೊಟ್ಟ ಹದವು ಸಾಲದೆ, ಪೆಟ್ಟು ಬಿದ್ದಂತೆಲ್ಲ ಹಲ್ಲು ಚಪ್ಪಟೆಯಾಗಿ ತನ್ನ ಗಾಡಿಯಲ್ಲಿ ತಿರುಗದಾಗುತ್ತಿತ್ತು. ತೋಟಾ ಬಿಗಿಯಾದಷ್ಟೂ ಸೈನಿಕನು ಬಲವಾಗಿ ಎಳೆಯುವನು, ಎಳೆದಷ್ಟೂ ಹಲ್ಲು ಕೆಡುವುದು, ಕೆಟ್ಟಷ್ಟೂ ಬಿಗಿ ಹೆಚ್ಚುವುದು. ಆಧಾರದ ದೋಷವೂ ಆಧೇಯದ ದೋಷವೂ ಒಂದನ್ನೊಂದು ಬೆಳೆಸಿದುವು. ಗರ್ಭವನ್ನು ಅಗಲಿಸಿ ಕೊರೆದರು, ಕೀಲಿಯನ್ನು ದೊಡ್ಡದು ಮಾಡಿದರು. ಆದರೆ ಸೈನಿಕನ ವಿಶ್ವಾಸವು ಮರಳಲಿಲ್ಲ. ೧೯೧೬ರ ಒಳಗೆ ಕೆನಡಾದ ಕಾಲಾಳುಗಳಿಗೆಲ್ಲ ಲೀ-ಎನ್‌ಫೀಲ್ಡ್ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಹ್ಯೂಸನ ಮಂತ್ರಿಪದವಿಯೂ ಹೋಯಿತು.

ಇದೇ ವಿವಾದವು ಸೇನೆಯ ಹೊರಗೆ, ಶಾಂತವಾದ ಸನ್ನಿವೇಶದಲ್ಲಿ, ಬೇರೆ ರೀತಿಯಲ್ಲಿ ಬೆಳೆಯಿತು. .೩೦೩ ತೋಟಾಕ್ಕೆ ಬುಡದಲ್ಲಿ ಅಂಚಿದ್ದು, ಆ ಅಂಚೇ ಅದನ್ನು ಗರ್ಭದ ಬಾಯಲ್ಲಿ ತಡೆದು ನಿಲ್ಲಿಸುತ್ತದೆ. ಹೆಗಲು ಸ್ವಲ್ಪ ಹಿಂದೆ ಮುಂದೆ ಆದರೂ ನಡೆದೀತು. ಅಮೆರಿಕದ ಸೇನೆಯು ೧೯೦೬ರಲ್ಲಿ ಅಂಗೀಕರಿಸಿದ .೩೦-೦೬ ತೋಟಾಕ್ಕೆ ಅಂಥ ಅಂಚಿಲ್ಲ. ಅದನ್ನು ತಡೆಯುವುದು ಹೆಗಲೊಂದೇ. ಆದುದರಿಂದ ಅಲ್ಲಿ ಹೆಗಲಿನ ಸ್ಥಾನವು ಅಂಗುಲದ ಸಾವಿರ ಭಾಗಗಳ ಲೆಕ್ಕದಲ್ಲಿ ಮುಖ್ಯವಾಯಿತು. ಈ ಕೋಶವನ್ನೂ ಇದರಂಥವನ್ನೂ ಹಿಸುಕಿ, ಹಿಗ್ಗಿಸಿ, ಯಾವ ಕಾರ್ಖಾನೆಯೂ ಮಾರದ ಹೊಸ ತೋಟಾಗಳನ್ನು ಮಾಡಿಕೊಳ್ಳುವ ಹವ್ಯಾಸವು ಬೇಟೆಗಾರರಲ್ಲಿಯೂ ಕೋವಿ ಕೆಲಸದವರಲ್ಲಿಯೂ ಹಬ್ಬಿತು. ಇಂಥವಕ್ಕೆ ವೈಲ್ಡ್‌ಕ್ಯಾಟ್, ಎಂದರೆ ಕಾಡುಬೆಕ್ಕು, ಎಂದು ಹೆಸರು. ಕಟ್ಟಳೆಗೆ ಒಳಪಡದ ಬ್ಯಾಂಕುಗಳನ್ನೂ ಆ ದೇಶದವರು ಹಿಂದೆ ಅದೇ ಹೆಸರಿನಿಂದ ಕರೆದಿದ್ದರು. ನೀಡ್ನರ್, ವ್ಹೀಲನ್, ರಾಬರ್ಟ್ಸ್ ಮೊದಲಾದವರ ಹೆಸರುಗಳು ಈ ಪರಂಪರೆಯಲ್ಲಿ ಪ್ರಸಿದ್ಧವಾಗಿವೆ. ೧೯೦೩ರಲ್ಲಿ ಹುಟ್ಟಿದ ಪಿ. ಓ. ಆಕ್ಲೆಯು ಕೋಶದ ಒಡಲಿನ ಇಳಿಜಾರನ್ನು ತಗ್ಗಿಸಿ, ಹೆಗಲನ್ನು ಕಡಿದಾಗಿಸಿದನು. ಮೂಲದ ತೋಟಾವನ್ನೇ ಅವನ ಹೊಸ ಗರ್ಭದಲ್ಲಿಟ್ಟು ಹೊಡೆದರೆ ಕೋಶವು ತಾನಾಗಿಯೇ ಹೊಸ ರೂಪಕ್ಕೆ ಹಿಗ್ಗುವುದು. ಅದು ಹಿಗ್ಗುವಾಗ ಬುಡದ ಬಳಿ ಹರಿಯದಿರಲೆಂದು, ಕೊರಳೂ ಹೆಗಲೂ ಕೂಡುವೆಡೆಯು ಗರ್ಭಕ್ಕೆ ತುಸು ಒತ್ತಿ ಕೂರುವಂತೆ ಅವನು ಅಂಗುಲದ ಸಾವಿರದಲ್ಲಿ ೪ ಭಾಗದಷ್ಟು ಉದ್ದವನ್ನು ಕಡಮೆ ಮಾಡಿದನು. ಬಿಗಿಯು ಇಲ್ಲಿ ದೋಷವಲ್ಲ, ಉದ್ದೇಶಪಟ್ಟ ಗುಣ.

ಕಾಡುಬೆಕ್ಕುಗಳಿಗೆ ರಾಜಮುದ್ರೆಯ ಅಳತೆಯಿಲ್ಲದುದರಿಂದ ಒಬ್ಬನ ಅಚ್ಚಿಗೂ ಇನ್ನೊಬ್ಬನು ಕೊರೆದ ಗರ್ಭಕ್ಕೂ ವಿರೋಧವು ಬರುವುದು ಸಹಜ. ಇದನ್ನು ಕಂಡುಹಿಡಿಯಲು ಅವರು ಅನುಸರಿಸಿದ ಕ್ರಮವು ಶಾಸ್ತ್ರಜ್ಞರ ಅನ್ವಯವ್ಯತಿರೇಕಗಳಿಗಿಂತ ಬೇರೆಯಲ್ಲ. ಮದ್ದೂ ಕೇಪೂ ಇಲ್ಲದ ಬರಿಯ ಕೋಶಕ್ಕೆ ದೀಪದ ಕಾಡಿಗೆಯನ್ನು ಹಿಡಿಸಿ, ಗರ್ಭಕ್ಕೆ ಮೆಲ್ಲನೆ ತಳ್ಳಿ ತೆಗೆದರೆ, ಎಲ್ಲಿ ಕಾಡಿಗೆ ಅಳಿಸಿದೆಯೋ ಅಲ್ಲಿಯೇ ತಗಲಿದೆ. ಅದನ್ನು ಬಿಟ್ಟು ಬೋಲ್ಟನ್ನು ಬಲವಂತದಿಂದ ಮುಚ್ಚುವವನು ರೋಗಿಯ ಬಾಯನ್ನು ಕಟ್ಟಿ ರೋಗವನ್ನು ಕೇಳುವ ವೈದ್ಯನಂತೆ.

ಹೆಗಲಿನಲ್ಲಿ ಅಳಿಸಿದ್ದರೆ ಅದರ ಕಾರಣವು ಬಹು ಕೌತುಕವಾದುದು. ಅಚ್ಚನ್ನು ಸಾಕಷ್ಟು ಇಳಿಸದೆ ಒತ್ತಿದಾಗ ಒಡಲು ಸುತ್ತಲೂ ಹಿಸುಕಲ್ಪಡುತ್ತದೆ, ಹೆಗಲು ಮಾತ್ರ ಅಚ್ಚಿಗೆ ಮುಟ್ಟುವುದಿಲ್ಲ. ಹಿಸುಕಿದ ಲೋಹಕ್ಕೆ ಹೋಗಲು ದಾರಿಯಿರುವುದು ಮುಂದಕ್ಕೇ ಆದುದರಿಂದ ಹೆಗಲು ಮುಂದಕ್ಕೆ ಸರಿಯುತ್ತದೆ. ಎಂದರೆ ಅರ್ಧ ಒತ್ತಿದ ಕೋಶವು ಒತ್ತದೆ ಇದ್ದುದಕ್ಕಿಂತ ಉದ್ದವಾಗುತ್ತದೆ! ತಾನು ಚಿಕ್ಕದು ಮಾಡಿದೆನೆಂದು ನಂಬಿದವನಿಗೆ ಇದು ಊಹೆಗೆ ನಿಲುಕುವುದಿಲ್ಲ. ಅಚ್ಚನ್ನು ಅತಿಯಾಗಿ ಇಳಿಸಿದರಾದರೋ ಕೋಶವು ಸುಲಭವಾಗಿ ಹೊಗುವುದು. ಆದರೆ ಹೆಗಲು ಹಿಂದೆ ಬಿದ್ದು, ಈಡಿನಲ್ಲಿ ಒಡಲು ಎಳೆದುಕೊಂಡು, ಹಲವು ಸಲದ ಮೇಲೆ ಬುಡದ ಬಳಿ ತುಂಡಾಗುವುದು. ಹೊಗದ ಕೋಶಕ್ಕಿಂತ ಸುಖವಾಗಿ ಹೊಗುವ ಈ ಕೋಶವೇ ಹೆಚ್ಚು ಅಪಾಯಕರ.

ಕೊರಳಿನಲ್ಲಿ ಅಳಿಸಿದ್ದರೆ ಅಲ್ಲಿ ಹಿತ್ತಾಳೆಯು ದಪ್ಪವಾಗಿದೆಯೆಂದರ್ಥ. .೩೦ರ ಕೊರಳನ್ನು .೨೫ಕ್ಕೆ ಹಿಸುಕಿದಾಗ ಲೋಹವು ಎಲ್ಲಿಗೂ ಹೋಗದೆ ಗೋಡೆಯಲ್ಲಿಯೇ ಕೂಡಿಕೊಳ್ಳುತ್ತದೆ. ಅದನ್ನು ಒಳಗಿನಿಂದಲೋ ಹೊರಗಿನಿಂದಲೋ ಹೆರೆಯಬೇಕು. ಕೋಶದ ಬಾಯಿ ಗರ್ಭದ ಕೊನೆಯನ್ನು ಮುಟ್ಟುವಷ್ಟು ಬೆಳೆದಿದ್ದರೆ ಕತ್ತರಿಸಲೇಬೇಕು. ಈ ಎರಡರಲ್ಲಿಯೂ ಬಲವಂತದಿಂದ ಸೇರಿಸಿದರೆ ಕೊರಳು ಗುಂಡನ್ನು ಬಿಗಿಹಿಡಿದು ಬಿಡದೆ, ಒತ್ತಡವು ಮಿತಿಮೀರಿ, ಕೋವಿಯು ಹೊಡೆಯುವವನ ಮುಖದಲ್ಲಿಯೇ ಒಡೆಯಬಹುದು. ಬುಡದ ಬಳಿ ತಗಲಿದ್ದರೆ ಕೋಶವು ಬೇರೊಂದು ಸಡಿಲವಾದ ಗರ್ಭದಲ್ಲಿ ಹಿಗ್ಗಿ ಬಂದುದೆಂದು ತಿಳಿಯಬೇಕು. ಸಾಮಾನ್ಯವಾದ ಅಚ್ಚು ಬುಡದ ತುದಿಯವರೆಗೆ ಮುಟ್ಟಲಾರದು. ಬರಿಯ ಕೋಶವು ಹೊಕ್ಕು, ಗುಂಡು ಕೂರಿಸಿದ್ದು ಮಾತ್ರ ಹೊಗದಿದ್ದರೆ ದೋಷವು ಗುಂಡಿನ ಉದ್ದದಲ್ಲಿದೆ, ಇಲ್ಲವೆ ಕೂರಿಸುವಾಗ ಹೆಗಲಿನ ಕೆಳಗೆ ಉಬ್ಬಿದ ಬಳೆಯಲ್ಲಿದೆ. ಹಲವು ಸಲ ಒತ್ತಿಸಿಕೊಂಡ ಹಿತ್ತಾಳೆಯು ಗಡುಸಾಗಿ, ಅಚ್ಚಿನಿಂದ ಹೊರಬಂದೊಡನೆ ಹಿಂದಿನ ಆಕಾರಕ್ಕೆ ಸೆಡೆಯುವುದೂ ಉಂಟು. ಆಗ ಕೊರಳನ್ನೂ ಹೆಗಲನ್ನೂ ಕಾಯಿಸಿ ಮಿದು ಮಾಡುವರು, ಬುಡವನ್ನು ಎಂದಿಗೂ ಕಾಯಿಸರು.

ಈ ಕಾಡುಬೆಕ್ಕುಗಳಲ್ಲಿ ಕೆಲವು ಕ್ರಮೇಣ ಊರು ಸೇರಿದುವು. ರೆಮಿಂಗ್ಟನ್ ಕಾರ್ಖಾನೆಯು .೨೫೭ ರಾಬರ್ಟ್ಸನ್ನು ೧೯೩೪ರಲ್ಲಿಯೂ, .೨೨-೨೫೦ಯನ್ನು ೧೯೬೫ರಲ್ಲಿಯೂ, .೨೫-೦೬ನ್ನು ೧೯೬೯ರಲ್ಲಿಯೂ, .೩೫ ವ್ಹೀಲನನ್ನು ೧೯೮೮ರಲ್ಲಿಯೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅಂದಿನಿಂದ ಅವುಗಳ ಗರ್ಭಕ್ಕೂ ಕೋಶಕ್ಕೂ ಒಂದೇ ಅಳತೆಯ ಶಾಸನವಾಯಿತು.

ಅಬು ಕ್ಲೆಯಾದಲ್ಲಿ ಸುರುಳಿಯ ತಗಡು ಹೋಯಿತು. ಈಪ್ರದ ರಾಸ್ ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಕಾಲಾಳುಗಳು ಬಿಸುಟ ಆ ಕೋವಿಯನ್ನು ದೂರದ ಗುರಿ ಹೊಡೆಯುವ ಕೆನಡಾದ ಬಂಟರು ಬಿಡದೆ ಇಟ್ಟುಕೊಂಡರು. ಬಿಗಿಯಾದ ಗರ್ಭವೇ ಅವರಿಗೆ ಬೇಕಾಗಿದ್ದಿತು. ಅವರಿಗೆ ನಿಮಿಷಕ್ಕೆ ಹದಿನೈದು ಈಡು ಹೊಡೆಯಬೇಕಾದ ಆತುರವಿರಲಿಲ್ಲ. ತೋಟಾಗಳನ್ನು ಒಂದೊಂದಾಗಿ ಆರಿಸಿ, ಒರಸಿ, ಹೊಗುವುದೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಲು ಅವರಿಗೆ ಸಮಯವಿತ್ತು.