ಕಿಡಿಯಿಲ್ಲದ ಹೊಗೆಯ ಪೂರ್ವಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಯಾರಾದರೊಬ್ಬ ನಿರ್ಮಾತೃವಿನ ಹೆಸರನ್ನು ಹಿಡಿದು, ಅವನಿಗೆ ಒಂದು ಶುಭದಿನ ಹೊಳೆದ ಉಪಾಯದಿಂದ ಕಥೆಯನ್ನು ತೊಡಗಿಸುವುದು ವಾಡಿಕೆಯಾಗಿದೆ. ಇ-ಸಿಗರೇಟು, ವೇಪ್ ಎಂದು ಇಂದು ಕರೆಸಿಕೊಳ್ಳುವ ಉಪಕರಣದ ವಿಷಯದಲ್ಲಿ ಈ ಪದ್ಧತಿ ಸಲ್ಲದು. ತಂಬಾಕನ್ನು ಸುಡದೆ ಅದರ ಮದವನ್ನಷ್ಟೇ ಉಸಿರಿನೊಡನೆ ಸೆಳೆದುಕೊಳ್ಳಬೇಕೆಂಬ ಆಲೋಚನೆ ಹಲವರಿಗೆ ಹಲವು ಕಾಲದಲ್ಲಿ ಹೊಳೆದು, ಅದನ್ನು ನಡೆಸಿಕೊಡಬಲ್ಲ ತಂತಿ, ಬತ್ತಿ, ವಿದ್ಯುತ್ಕೋಶಗಳು ದೊರೆಯದ ಕಾರಣದಿಂದ ಅಷ್ಟೇ ಸಲ ಮುರುಟಿಹೋಯಿತು. ಕಡೆಗೆ ಆ ಸಾಮಗ್ರಿಗಳನ್ನು ಒದಗಿಸಿಕೊಟ್ಟವರಾದರೋ ತಂಬಾಕಿನ ಗೊಡವೆಯೇ ಇಲ್ಲದೆ ಬೇರೆ ಬೇರೆ ಕಸುಬುಗಳಲ್ಲಿ ಮಗ್ನರಾಗಿದ್ದವರು. ಆದುದರಿಂದ ಈ ಉಪಕರಣದ ಚರಿತ್ರೆಯನ್ನು ಅದರ ಬಿಡಿಭಾಗಗಳ ಚರಿತ್ರೆಯಾಗಿ ಓದುವುದೇ ಲೇಸು.

ಹೊಗೆ ಸೇದುವ ಸಾಧನವೊಂದನ್ನು ನಾನಾ ದೇಶಗಳ ಭಾಗಗಳಿಂದ ಜೋಡಿಸಿದ ಹಳೆಯ ವೃತ್ತಾಂತವೊಂದು ನಮ್ಮ ನಾಡಿಗೇ ಸಂಬಂಧಿಸಿದೆ. ಇಬ್ರಾಹಿಂ ಆದಿಲ್‌ಶಾಹನ ಕುಮಾರಿಯನ್ನು ರಾಜಕುಮಾರ ದಾನಿಯಾಲನಿಗೆ ತರುವ ಸಂಧಾನದ ನಿಮಿತ್ತ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗನು, ಉತ್ತರದಲ್ಲಿ ತಾನೆಂದೂ ಕಾಣದಿದ್ದ ತಂಬಾಕನ್ನು 1604ರ ಸುಮಾರಿಗೆ ಇಲ್ಲಿ ಕಂಡು, ಅದನ್ನು ಸೇದುವುದಕ್ಕೆ ತಕ್ಕ ನಳಿಗೆಯೊಂದನ್ನು ಅಣಿಮಾಡಿಸಿಕೊಂಡು ಆಗ್ರಾಕ್ಕೆ ಒಯ್ದನು. ಮೂರು ಮೊಳ ಉದ್ದದ ಕೊಳವೆ ಸುಮಾತ್ರಾ ದ್ವೀಪದ ಆಚೆ ಎಂಬ ಪ್ರಾಂತದಿಂದ ಬಂದದ್ದು; ಬಾಯಿಗಿಡುವ ತುದಿ ಯಮನ್ ದೇಶದ ಕೆಂಪುಕಲ್ಲಿನದು; ಬೆಂಕಿಗೆ ಚಿನ್ನದ ಪಾತ್ರೆ; ತಂಬಾಕನ್ನು ತುಂಬಿದ್ದು ಆದಿಲ್‌ಶಾಹನೇ ಕೊಟ್ಟಿದ್ದ ಎಲೆಯಡಿಕೆಯ ಸಂಚಿಯಲ್ಲಿ. ಇದೆಲ್ಲವನ್ನೂ ಬೆಳ್ಳಿಯ ಹರಿವಾಣದಲ್ಲಿರಿಸಿ ಒಪ್ಪಿಸಿದಾಗ ವೃದ್ಧನಾದ ಚಕ್ರವರ್ತಿ ಕುತೂಹಲದಿಂದ ಎರಡು ಮೂರು ದಮ್ಮು ಎಳೆದನು. ರಾಜವೈದ್ಯನು ಇನ್ನು ಸಾಕೆಂದು ತಡೆದನು. ಅಪರಿಚಿತವಾದ ಮದ್ದನ್ನು ಶಾಸ್ತ್ರಪ್ರಮಾಣವಿಲ್ಲದೆ ಪ್ರಭುವಿಗೆ ಹೇಗೆ ಕೊಡುವುದೆಂದು ವೈದ್ಯನೂ, ಯಾವ ರೂಢಿಯಾದರೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೆ ಎಂದು ಅಸದ್ ಬೇಗನೂ ಆ ಸಭೆಯಲ್ಲಿ ವಾದಿಸಿದರಂತೆ. ನಾಲ್ಕು ಶತಮಾನ ಕಳೆದರೂ ಈ ಎರಡು ಪಕ್ಷಗಳ ಮಾತು ಹೆಚ್ಚೇನೂ ಬದಲಾಗಿಲ್ಲ. ಅಕ್ಬರನು ಅದನ್ನು ರೂಢಿಸಿಕೊಳ್ಳಲಿಲ್ಲವಾದರೂ ಅಮೀರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರನು ನಿಷೇಧಾಜ್ಞೆಯನ್ನೇ ಹೊರಡಿಸಬೇಕಾಯಿತು.

ಹೊಗೆಯನ್ನು ನೀರಿನೊಳಗಿಂದ ಹಾಯಿಸುವ ಹುಕ್ಕಾವನ್ನು ಕಲ್ಪಿಸಿದವನು ಅಕ್ಬರನ ಆಸ್ಥಾನದ ಹಕೀಮ ಅಬುಲ್ ಫತಹ್ ಗಿಲಾನಿಯೆಂದು ಪ್ರತೀತಿಯುಂಟು; ಆದರೆ ಅವನು ತೀರಿಕೊಂಡದ್ದು 1589ರಲ್ಲಿ, ಎಂದರೆ ಅಸದ್ ಬೇಗನ ಹರಿವಾಣ ಆಗ್ರಾವನ್ನು ಮುಟ್ಟುವುದಕ್ಕೆ ಹದಿನೈದು ವರ್ಷ ಮೊದಲು. ಪ್ರತೀತಿಗಳಿಗೆ ಪಂಚಾಂಗದ ಹಂಗಿಲ್ಲ. ಕರ್ತೃ ಯಾರೇ ಆಗಿರಲಿ, ದಖ್ಖಣದ ಕೈಗಸುಬು ಆ ಉಪಕರಣವನ್ನು ಕಲೆಯಾಗಿ ಬೆಳೆಸಿತೆಂಬುದಕ್ಕೆ ಬೀದರಿನ ಕುಶಲಕರ್ಮಿಗಳು ಎರಕಹೊಯ್ದ ಹುಕ್ಕಾದ ಬುರುಡೆಗಳೇ ಸಾಕ್ಷಿ. ಸತುವಿಗೆ ಅಲ್ಪಸ್ವಲ್ಪ ತಾಮ್ರವನ್ನು ಬೆರೆಸಿ ಹೊಯ್ದ ಪಾತ್ರೆಯ ಮೈಮೇಲೆ ಉಳಿಯಿಂದ ಬಳ್ಳಿಗಳನ್ನು ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಹಳೆಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕದಡಿದ ಬಿಸಿನೀರಿನಲ್ಲಿ ಅದ್ದಿದರೆ, ಬೆಳ್ಳಿ ಬೆಳ್ಳಗೇ ಉಳಿದು ಸತುವಿನ ನೆಲವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ. ಈ ಬುರುಡೆಗೆ ನೀರು ತುಂಬಿ, ಮೇಲೆ ಚಿಲುಮೆಯನ್ನಿಟ್ಟು, ಚಿಲುಮೆಯಲ್ಲಿ ಬೆಲ್ಲ ಬೆರೆಸಿ ಅರೆದ ಗುಡಾಕು ತಂಬಾಕನ್ನು ಹಾಕಿ, ಅದರ ಮೇಲೆ ಕೆಂಡವನ್ನಿಡುವುದು ಕ್ರಮ. ಉರಿಯುವ ವಸ್ತು ಒಂದು, ಸೇದುವ ವಸ್ತು ಮತ್ತೊಂದು ಎಂಬ ಭೇದ ಇಲ್ಲಿ ಮೊಳಕೆಯೊಡೆದುದನ್ನು ಗಮನಿಸಬೇಕು. ಕೆಂಡವು ಕಾವನ್ನು ಕೊಡುತ್ತದೆ, ಬೆಲ್ಲದ ಜಿಗುಟು ತಂಬಾಕನ್ನು ಥಟ್ಟನೆ ಬೂದಿಯಾಗಗೊಡದೆ ಆವಿಯಾಡಿಸುತ್ತದೆ. ನೀರು ಹೊಗೆಯನ್ನು ತಣಿಸುವುದು ನಿಜ. ತೊಳೆದು ಶುದ್ಧಮಾಡುವುದೆಂಬುದು ಮಾತ್ರ ಭ್ರಮೆ, ಏಕೆಂದರೆ ಕೆಂಡದಿಂದ ಹೊರಟ ಕಾರ್ಬನ್ ಮಾನಾಕ್ಸೈಡು ನೀರಿಗೆ ಜಗ್ಗುವಂಥದಲ್ಲ.

ಆ ಕೆಂಡದ ಸ್ಥಾನದಲ್ಲಿ ವಿದ್ಯುತ್ತನ್ನು ಕೂರಿಸಿದ ಮೊದಲ ದಾಖಲೆ ಅಮೆರಿಕದ್ದು. ಜೋಸೆಫ್ ರಾಬಿನ್‌ಸನ್ ಎಂಬಾತನು 1927ರಲ್ಲಿ ಅರ್ಜಿ ಸಲ್ಲಿಸಿ 1930ರಲ್ಲಿ ಪಡೆದ ಪೇಟೆಂಟು ಔಷಧದ ಆವಿಯನ್ನು ಸೇದುವ ವಿದ್ಯುತ್ ನಳಿಗೆಯೊಂದನ್ನು ವಿವರಿಸುತ್ತದೆ. ಇದಕ್ಕಿಂತ ಸ್ವಾರಸ್ಯವಾದದ್ದು ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಎಂಬ ಊರಿನ ಹರ್ಬರ್ಟ್ ಗಿಲ್ಬರ್ಟನ ಕಥೆ. ಹಳೆಯ ಲೋಹದ ವ್ಯಾಪಾರ ಮಾಡಿಕೊಂಡಿದ್ದ ಈ ಗೃಹಸ್ಥನು 1963ರಲ್ಲಿ, ಉರಿಯುವ ಕಾಗದ ತಂಬಾಕುಗಳಿಗೆ ಬದಲಾಗಿ ಬೆಚ್ಚಗಿನ, ತೇವವುಳ್ಳ, ಪರಿಮಳಗೂಡಿದ ಗಾಳಿಯನ್ನು ಸೇದಿಸುವ ಸಾಧನಕ್ಕೆ ಪೇಟೆಂಟನ್ನು ಕೋರಿದನು. ಅದು ಕೈಗೆ ಬಂದದ್ದು 1965ರ ಆಗಸ್ಟಿನಲ್ಲಿ. ಬ್ಯಾಟರಿಯಿಂದ ಕಾಯುವ ಒಂದಂಗ, ಒದ್ದೆಯಾದ ರುಚಿಯ ಕಾರ್ಟ್ರಿಜ್ ಒಂದು, ಬಾಯಿತುದಿಯೊಂದು ಎಂಬೀ ಮೂರೂ ಆ ನಕ್ಷೆಯಲ್ಲಿವೆ. ಇಂದಿನ ವೇಪಿನ ಅಸ್ಥಿಪಂಜರವನ್ನು ಅಲ್ಲಿಯೇ ಕಾಣಬಹುದು. ಅರ್ಜಿಗೂ ಮಂಜೂರಾತಿಗೂ ನಡುವೆ, 1964ರ ಜನವರಿಯಲ್ಲಿ, ಧೂಮಪಾನವು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬ ಅಮೆರಿಕದ ಸರ್ಜನ್ ಜನರಲ್ಲನ ವರದಿಯೂ ಪ್ರಕಟವಾಗಿತ್ತು. ಇಷ್ಟು ಅನುಕೂಲವಾದ ಮುಹೂರ್ತದಲ್ಲಿ ಹುಟ್ಟಿದ ಕಲ್ಪನೆಯನ್ನು ಯಾವ ಕಂಪೆನಿಯೂ ಎತ್ತಿಕೊಳ್ಳಲಿಲ್ಲ. ಸಿಗರೇಟಿನ ವರ್ತಕರ ಸ್ವಾರ್ಥವನ್ನು ಇದಕ್ಕೆ ಕಾರಣವಾಗಿ ಹೇಳುವವರುಂಟು. ನನಗೆ ತೋರುವಂತೆ ಅಷ್ಟೇ ದೊಡ್ಡ ಅಡಚಣೆ ಅಂದಿನ ಬ್ಯಾಟರಿಯದು. ಟಾರ್ಚಿಗೆ ಹಾಕುವ ಸತು-ಇಂಗಾಲದ ಶುಷ್ಕಕೋಶಕ್ಕೆ ಸಿಗರೇಟಿನ ಗಾತ್ರದೊಳಗೆ ಅಡಗಿಕೊಂಡು ದಿನವಿಡೀ ಒಂದು ತಂತಿಯನ್ನು ಕಾಯಿಸುವ ತ್ರಾಣವಿರಲಿಲ್ಲ.

ನಡುವಣ ಪ್ರಯತ್ನಗಳನ್ನು ಸಂಕ್ಷೇಪದಲ್ಲಿ ಹೇಳಬಹುದು. ಗಣಕಯಂತ್ರಗಳ ಆದಿಪುರುಷರಲ್ಲೊಬ್ಬನಾದ ಫಿಲ್ ರೇ, ವೈದ್ಯಮಿತ್ರನಾದ ನಾರ್ಮನ್ ಜೇಕಬ್‌ಸನ್ನನೊಡನೆ ಸೇರಿ, ನಿಕೋಟಿನಿನಲ್ಲಿ ನೆನೆಸಿದ ಕಾಗದವನ್ನು ಕೊಳವೆಯೊಳಗಿಟ್ಟು ಕಾಯಿಸದೆಯೇ ಸೇದುವ ಉಪಾಯವನ್ನು ಮಾರುಕಟ್ಟೆಗೆ ತಂದನು. 1987ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದನ್ನು ಔಷಧವೆಂದು ಪರಿಗಣಿಸಿ ತಡೆಹಾಕಿತು. ಮರುವರ್ಷ ಆರ್. ಜೆ. ರೆನಾಲ್ಡ್ಸ್ ಕಂಪೆನಿ, ಇಂಗಾಲದ ತುದಿಯ ಕಾವಿನಿಂದ ಗ್ಲಿಸರಿನನ್ನು ಆವಿಯಾಗಿಸುವ ‘ಪ್ರೀಮಿಯರ್’ ಎಂಬ ಸಿಗರೇಟನ್ನು ಪ್ರಯೋಗಾರ್ಥ ಮಾರಿ, ಜನ ಮೂಗುಮುರಿಯಲಾಗಿ 1989ರಲ್ಲಿ ಹಿಂತೆಗೆದುಕೊಂಡಿತು.

ಇತ್ತ ಬಿಡಿಭಾಗಗಳು ತಮ್ಮ ಪಾಡಿಗೆ ತಾವು ಸಿದ್ಧವಾಗುತ್ತಿದ್ದವು. ಲೋಹದ ತಂತಿಯನ್ನು ಗಾಳಿಯಲ್ಲಿ ಕೆಂಪಾಗುವಂತೆ ಕಾಯಿಸಿದರೆ ಅದು ಬೇಗನೆ ತುಕ್ಕಾಗಿ ಉದುರುವುದು ಸಹಜ. ಡೆಟ್ರಾಯಿಟಿನ ಆಲ್ಬರ್ಟ್ ಮಾರ್ಷ್ ನಿಕಲ್ಲಿಗೆ ಕ್ರೋಮಿಯಮ್ ಬೆರೆಸಿ 1906ರಲ್ಲಿ ಪೇಟೆಂಟು ಪಡೆದ ನೈಕ್ರೋಮ್ ಈ ಸಂಕಟವನ್ನು ನಿವಾರಿಸಿತು. ಅದರ ಮೈಮೇಲೆ ಹುಟ್ಟುವ ಆಕ್ಸೈಡಿನ ತೆಳುಪೊರೆ ಕಳಚಿಬೀಳದೆ ಕವಚವಾಗಿ ನಿಲ್ಲುತ್ತದೆ. ರೊಟ್ಟಿ ಸುಡುವ ಟೋಸ್ಟರು, ಇಸ್ತ್ರಿಪೆಟ್ಟಿಗೆಗಳು ಮನೆಮನೆಗೆ ಬಂದದ್ದು ಈ ತಂತಿಯ ಪುಣ್ಯದಿಂದ. ಸ್ವೀಡನ್ನಿನ ಹಾಲ್‌ಸ್ಟಾಹಾಮರ್ ಪಟ್ಟಣದಲ್ಲಿ ಹಾನ್ಸ್ ಫಾನ್ ಕಾಂಟ್ಸೋವ್ 1931ರ ಸುಮಾರಿನಲ್ಲಿ ಕಬ್ಬಿಣ, ಕ್ರೋಮಿಯಮ್, ಅಲ್ಯುಮಿನಿಯಮ್‌ಗಳಿಂದ ರೂಪಿಸಿದ ಕ್ಯಾಂಥಲ್ ತಂತಿ ಕೈಗಾರಿಕಾ ಕುಲುಮೆಗಳಿಗೆಂದು ಹುಟ್ಟಿದ್ದು. ಇಂದು ವೇಪಿನ ಒಳಗೆ ಸುರುಳಿಸುತ್ತಿಕೊಂಡು ಕೂತಿರುವುದು ಬಹುಮಟ್ಟಿಗೆ ಈ ಎರಡು ವಂಶದ ತಂತಿಗಳೇ. ದ್ರವವೂ ಹೊಸದೇನಲ್ಲ, ಸೌಂದರ್ಯಸಾಧನಗಳಲ್ಲಿಯೂ ಮದ್ದಿನಂಗಡಿಯಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿರುವ ಗ್ಲಿಸರಿನ್ನೂ, ರಂಗಮಂಚದ ಮೇಲೆ ಕೃತಕ ಮಂಜನ್ನು ಕವಿಸುವುದಕ್ಕೆ ಬಳಸುವ ಪ್ರೊಪಿಲೀನ್ ಗ್ಲೈಕಾಲೂ ಕೂಡಿದ ಮಿಶ್ರಣವದು. ನಿಕೋಟಿನನ್ನು ಹೈಡಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ 1828ರಲ್ಲಿಯೇ ತಂಬಾಕಿನಿಂದ ಬೇರ್ಪಡಿಸಿದ್ದರು. ಉಳಿದದ್ದು ಬ್ಯಾಟರಿ ಒಂದೇ. 1991ರಲ್ಲಿ ಸೋನಿ ಸಂಸ್ಥೆ ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾಕ್ಕೆಂದು ಲಿಥಿಯಮ್-ಅಯಾನ್ ಕೋಶವನ್ನು ಮಾರಾಟಕ್ಕೆ ತಂದಾಗ, ಗಿಲ್ಬರ್ಟನ ನಕ್ಷೆಯಲ್ಲಿ ಸುಮಾರು ಮೂವತ್ತು ವರ್ಷ ಖಾಲಿಯಿದ್ದ ಪೀಠಕ್ಕೆ ಅಧಿಕಾರಿ ದೊರೆತಂತಾಯಿತು.

ಈ ಸಾಮಗ್ರಿಯನ್ನೆಲ್ಲ ಒಂದುಗೂಡಿಸಿದ ಕೀರ್ತಿ ಈಶಾನ್ಯ ಚೀನದ ಶೆನ್ಯಾಂಗಿನ ಔಷಧಶಾಸ್ತ್ರಜ್ಞ ಹೋನ್ ಲಿಕ್ಕನಿಗೆ ಸಲ್ಲುತ್ತದೆ. ತಾನೇ ವಿಪರೀತ ಸಿಗರೇಟು ಸೇದುತ್ತಿದ್ದು, ಬಿಡುವುದಕ್ಕೆಂದು ನಿಕೋಟಿನ್ ಪಟ್ಟಿಯನ್ನು ಮೈಗೆ ಅಂಟಿಸಿಕೊಂಡು ನೋಡಿದ ಅವನಿಗೆ, ಪಟ್ಟಿ ಒಂದೇ ಸಮನೆ ಒಸರಿಸುವ ನಿಕೋಟಿನಿನಿಂದ ದಮ್ಮಿನ ತೃಪ್ತಿ ಬಾರದೆಂಬುದು ಅನುಭವಕ್ಕೆ ಬಂದಿತು. 2003ರಲ್ಲಿ ಪೇಟೆಂಟಿಗೆ ಸಲ್ಲಿಸಿ, 2004ರಲ್ಲಿ ಚೀನದಲ್ಲಿ ಮಾರಾಟಕ್ಕಿಳಿಸಿದ ಅವನ ಸಾಧನವು ದ್ರವವನ್ನು ತುಂತುರಾಗಿ ಒಡೆಯಲು ಶ್ರವಣಾತೀತ ಕಂಪನವನ್ನು ಆಶ್ರಯಿಸಿತ್ತು. ಆದರೆ ಶೆನ್‌ಜೆನ್ ನಗರದ ಕಾರ್ಖಾನೆಗಳು ಸಾವಿರ ಲಕ್ಷಗಳ ಲೆಕ್ಕದಲ್ಲಿ ತಯಾರಿಸತೊಡಗಿದಾಗ ಗೆದ್ದದ್ದು ಅಗ್ಗವಾದ ಕಾಯುವ ತಂತಿಯೇ. 2013ರಲ್ಲಿ ಈ ಪೇಟೆಂಟುಗಳನ್ನು ಬ್ರಿಟನ್ನಿನ ಇಂಪೀರಿಯಲ್ ಟೊಬ್ಯಾಕೊ 75 ದಶಲಕ್ಷ ಡಾಲರಿಗೆ ಕೊಂಡಿತು. ತಂತಿಯ ಮಾರ್ಷನಿಗೂ ಕಾಂಟ್ಸೋವನಿಗೂ ಈ ಕಥೆಯಲ್ಲಿ ಪಾಲಿಲ್ಲ, ಅವರ ಹೆಸರೂ ಯಾರಿಗೂ ನೆನಪಿಲ್ಲ.

ಬಿಚ್ಚಿ ನೋಡಿದರೆ ಒಳಗಿನ ರಚನೆ ಆಶ್ಚರ್ಯವಾಗುವಷ್ಟು ಸರಳ. ಕೆಳಗೆ ಕೋಶ; ಅದರ ಮೇಲೆ, ಮೈಕ್ರೊಫೋನಿನ ಕುಲಕ್ಕೆ ಸೇರಿದ ಒಂದು ತೆಳುಪೊರೆಯ ಸಂವೇದಕ. ಬಾಯಿಂದ ಗಾಳಿಯೆಳೆದಾಗ ಒಳಗೆ ಉಂಟಾಗುವ ಅಲ್ಪ ಒತ್ತಡದ ಇಳಿತವನ್ನು ಈ ಪೊರೆ ಗ್ರಹಿಸಿ ವಿದ್ಯುತ್ತನ್ನು ಹರಿಯಬಿಡುತ್ತದೆ. ಇದರ ಮೇಲೆ ಕಾಯಿಲ್: ಕೆಲವೇ ಸುತ್ತಿನ ತಂತಿಯ ನಡುವೆ ತೂರಿಸಿದ ಹತ್ತಿಯ ಬತ್ತಿ, ಬತ್ತಿಯ ಎರಡು ತುದಿಗಳು ದ್ರವದ ಟ್ಯಾಂಕಿನಲ್ಲಿ. ಹಣತೆಯ ಬತ್ತಿಗೆ ಎಣ್ಣೆಯೇರುವ ಹಾಗೆಯೇ ಇಲ್ಲಿಯೂ ದ್ರವ ತಾನಾಗಿ ನೂಲೆಳೆಗಳ ಸಂದಿನಲ್ಲಿ ಏರುತ್ತದೆ, ತುದಿಯಲ್ಲಿ ದೀಪವಿಲ್ಲ ಎಂಬುದಷ್ಟೇ ಭೇದ. 3.7 ವೋಲ್ಟಿನ ಕೋಶಕ್ಕೆ 1.5 ಓಮ್ ರೋಧವುಳ್ಳ ಕಾಯಿಲನ್ನು ಸೇರಿಸಿದರೆ ಹುಟ್ಟುವ ಕಾವು 9 ವಾಟ್, ರೋಧವನ್ನು 0.5 ಓಮಿಗೆ ಇಳಿಸಿದರೆ 27 ವಾಟ್. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೂ ಗ್ಲಿಸರಿನ್ 290 ಡಿಗ್ರಿಯಲ್ಲಿಯೂ ಕುದಿಯುವುದರಿಂದ ತಂತಿಗೆ ಒದ್ದೆಯಿರುವ ತನಕ ಅದರ ಕಾವು ಈ ಎಲ್ಲೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎಳೆಯುವವನು ಆತುರಗಾರನಾಗಿ, ದ್ರವವೇರುವ ವೇಗವನ್ನು ಮೀರಿ ದಮ್ಮಿನ ಮೇಲೆ ದಮ್ಮೆಳೆದರೆ, ಅಥವಾ ಟ್ಯಾಂಕಿನಲ್ಲಿ ದ್ರವ ತಳಕಂಡಿದ್ದರೆ, ಒಣಗಿದ ಹತ್ತಿ ಸೀದು ಗಂಟಲಿಗೆ ಕಟುವಾದ ಕಮಟು ಹೊಡೆಯುತ್ತದೆ. ವೇಪಿಗರು ಇದನ್ನು ‘ಡ್ರೈ ಹಿಟ್’ ಎನ್ನುತ್ತಾರೆ. ಆರೋಗ್ಯದೃಷ್ಟಿಯಿಂದ ಇದು ಕೇವಲ ರುಚಿಗೇಡಲ್ಲ, ಹಾಗೆ ಅತಿಯಾಗಿ ಕಾದ ದ್ರವವು ಒಡೆದು ಫಾರ್ಮಾಲ್ಡಿಹೈಡಿನಂತಹ ವಿಷಗಳನ್ನು ಹುಟ್ಟಿಸುತ್ತದೆ.

ಹೊರಬೀಳುವ ಬೆಳ್ಳನೆಯ ಮೋಡ ಹೊಗೆಯಲ್ಲ. ಆವಿ ತಂಪಾಗಿ ಕಟ್ಟಿಕೊಂಡ ಸೂಕ್ಷ್ಮಬಿಂದುಗಳ ಮಂಜು. ಹೊಗೆಯಿದ್ದೆಡೆ ಬೆಂಕಿಯುಂಟೆಂಬ ಅನುಮಾನವನ್ನು ಪಾಠಹೇಳುತ್ತಿದ್ದ ನಮ್ಮ ತಾರ್ಕಿಕರು, ಮಂಜನ್ನೋ ಆವಿಯನ್ನೋ ಕಂಡು ಹೊಗೆಯೆಂದು ಶಂಕಿಸಿದರೆ ಹೇತುವೇ ಅಸಿದ್ಧವಾಗುತ್ತದೆಂದು ಎಚ್ಚರಿಸಿದ್ದರು. ಶಾಲೆಯ ಶೌಚಾಲಯದಲ್ಲಿ ಮೋಡವನ್ನು ಕಂಡು ಬೆಂಕಿಪೊಟ್ಟಣವನ್ನು ಹುಡುಕುವ ಇಂದಿನ ಉಪಾಧ್ಯಾಯನು ಅವರ ದೃಷ್ಟಾಂತಕ್ಕೆ ಚೆನ್ನಾಗಿ ಹೊಂದುತ್ತಾನೆ.

ಮುಂದಿನ ಬೆಳವಣಿಗೆ ಎರಡು ಕವಲಾಯಿತು. ಹವ್ಯಾಸಿಗಳು ಟಾರ್ಚಿನ ಕವಚದೊಳಗೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ ದೊಡ್ಡ ಕೋಶವನ್ನಿಟ್ಟು, ಕಾಯಿಲನ್ನು ತಾವೇ ಸುತ್ತಿಕೊಂಡು ಭಾರಿ ಮೋಡಗಳನ್ನೆಬ್ಬಿಸಿದರು. ಸ್ಟ್ಯಾನ್‌ಫರ್ಡಿನ ವಿನ್ಯಾಸ ವಿದ್ಯಾರ್ಥಿಗಳಾಗಿದ್ದ ಜೇಮ್ಸ್ ಮಾನ್ಸೀಸ್ ಮತ್ತು ಆಡಮ್ ಬೋವೆನ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, 2015ರಲ್ಲಿ ಪೆನ್ ಡ್ರೈವಿನಂತೆ ಕಾಣುವ ‘ಜೂಲ್’ ಎಂಬ ಸಾಧನವನ್ನು ಹೊರತಂದರು. ಇದರಲ್ಲಿ ನಿಜವಾದ ನೂತನತೆ ಲೋಹದಲ್ಲಿರದೆ ದ್ರವದಲ್ಲಿತ್ತು. ಶುದ್ಧ ನಿಕೋಟಿನ್ ಕ್ಷಾರಗುಣದ್ದಾದುದರಿಂದ ಪ್ರಮಾಣ ಹೆಚ್ಚಿದರೆ ಗಂಟಲನ್ನು ಕೆರೆಯುತ್ತದೆ. ಬೆಂಜೋಯಿಕ್ ಆಮ್ಲವನ್ನು ಸೇರಿಸಿ ಲವಣವಾಗಿಸಿದರೆ ಅದೇ ಪ್ರಮಾಣ ನಯವಾಗಿ ಇಳಿಯುತ್ತದೆ. ಗಂಟಲು ಒಡ್ಡುತ್ತಿದ್ದ ಸಹಜವಾದ ತಡೆ ತೊಲಗಿತು. ಅಮೆರಿಕದ ಪ್ರೌಢಶಾಲೆಗಳಿಗೆ ಚಟ ಹಬ್ಬಿದ್ದು ಈ ರಸಾಯನದ ಬಲದಿಂದ ಎಂದೇ ನನ್ನ ಎಣಿಕೆ.

ನಮ್ಮ ದೇಶದಲ್ಲಾದರೋ, ಕರ್ನಾಟಕ ಸರ್ಕಾರವು 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯನ್ನೂ ಬಳಿಕ ಅಧಿನಿಯಮವನ್ನೂ ತಂದು ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ದೇಶಾದ್ಯಂತ ಅಪರಾಧವನ್ನಾಗಿಸಿತು. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ನಿಕೋಟಿನ್ ಇರಲಿ ಇಲ್ಲದಿರಲಿ, ಯಾವುದೇ ಪದಾರ್ಥವನ್ನು ಕಾಯಿಸಿ ಸೇದುವ ತುಂತುರನ್ನುಂಟುಮಾಡುವ ವಿದ್ಯುನ್ಮಾನ ಸಾಧನವೆಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ; ಪೂರ್ಣ ವಸ್ತುವಾಗಿ ಮಾತ್ರವಲ್ಲದೆ ಅದರ ಯಾವುದೇ ಭಾಗವಾಗಿಯೂ ಮಾರಕೂಡದೆಂದು ಕಾನೂನು ವಿಧಿಸುತ್ತದೆ. ಆದರೆ ಇಸ್ತ್ರಿಪೆಟ್ಟಿಗೆ ರಿಪೇರಿಯವನ ಬಳಿ ನೈಕ್ರೋಮ್ ತಂತಿಯೂ, ಮದ್ದಿನಂಗಡಿಯಲ್ಲಿ ಹತ್ತಿಯೂ ಗ್ಲಿಸರಿನ್ನೂ, ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಲಿಥಿಯಮ್ ಕೋಶವೂ ಎಂದಿನಂತೆಯೇ ಮಾರಾಟವಾಗುತ್ತಿವೆ, ಮತ್ತು ಇವು ಯಾವ ಘಳಿಗೆಯಲ್ಲಿ ವೇಪಿನ ಭಾಗಗಳಾಗುತ್ತವೆಂಬುದನ್ನು ಮಾರುವವನೂ ಬಲ್ಲವನಲ್ಲ.