ಜೀಪಿನ ಸ್ಕಿಡ್ ಪ್ಲೇಟ್: ಉಕ್ಕೋ, ಅಲ್ಯೂಮಿನಿಯಮ್ಮೋ?

ಹುಬ್ಬಳ್ಳಿ: ಹುಬ್ಬಳ್ಳಿ-ಧಾರವಾಡದಿಂದ ದಾಂಡೇಲಿ, ಕ್ಯಾಸಲ್‌ರಾಕ್ ಕಡೆಯ ಘಟ್ಟದ ದಾರಿಗಳಿಗೆ ಥಾರ್, ಹಳೆಯ ಜಿಪ್ಸಿಯಂತಹ ವಾಹನ ಒಯ್ಯುವವರು ಮೊದಲು ಕಾಪಾಡಬೇಕಾದದ್ದು ಎಂಜಿನ್‌ನ ಆಯಿಲ್ ಸಂಪ್. ಕಲ್ಲು ಬಡಿದು ಅದು ಒಡೆದರೆ ಆಯಿಲ್ ಸೋರಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಸೀಜ್ ಆಗಬಹುದು. ಇದನ್ನು ತಡೆಯುವ ತಳಕವಚವೇ ಸ್ಕಿಡ್ ಪ್ಲೇಟ್.

ತೂಕ: ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 7.85 ಗ್ರಾಂ, ಅಲ್ಯೂಮಿನಿಯಂನದು 2.7 ಗ್ರಾಂ. ಅರ್ಧ ಚದರ ಮೀಟರ್ ವಿಸ್ತೀರ್ಣದ 3 ಮಿ.ಮೀ. ಉಕ್ಕಿನ ಫಲಕ ಸುಮಾರು 12 ಕೆ.ಜಿ. ತೂಗಿದರೆ, 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಫಲಕ 8 ಕೆ.ಜಿ. ಮಾತ್ರ.

ಪೆಟ್ಟು: ಉಕ್ಕು ಕಲ್ಲಿನ ಮೇಲೆ ಸುಲಭವಾಗಿ ಜಾರುತ್ತದೆ. ಮೆದುವಾದ ಅಲ್ಯೂಮಿನಿಯಂ ಆಳವಾಗಿ ಗೀರಿಕೊಂಡು ಕಲ್ಲಿಗೆ ಕಚ್ಚಿಕೊಳ್ಳುತ್ತದೆ.

ದುರಸ್ತಿ: ಬಾಗಿದ ಉಕ್ಕನ್ನು ಸುತ್ತಿಗೆಯಿಂದ ಬಡಿದು ನೆಟ್ಟಗಾಗಿಸಬಹುದು, ಬಿರುಕನ್ನು ಸಾಮಾನ್ಯ ವೆಲ್ಡಿಂಗ್ ಅಂಗಡಿಯಲ್ಲೇ ಬೆಸೆಯಬಹುದು. ಅಲ್ಯೂಮಿನಿಯಂಗೆ ಆರ್ಗಾನ್ ಅನಿಲ ಬಳಸುವ ವೆಲ್ಡಿಂಗ್ ಹಾಗೂ ನುರಿತ ಕೈ ಅಗತ್ಯ.

ತುಕ್ಕು: ಈ ಭಾಗದ ಎರೆಮಣ್ಣು ಫಲಕಕ್ಕೆ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ. ಬಣ್ಣ ಕಿತ್ತ ಉಕ್ಕಿಗೆ ಇದು ಮಾರಕ. ಅಲ್ಯೂಮಿನಿಯಂ ತುಕ್ಕು ಹಿಡಿಯದಿದ್ದರೂ, ಉಕ್ಕಿನ ಬೋಲ್ಟ್ ತಾಗುವಲ್ಲಿ ತೇವ ನಿಂತರೆ ಸವೆಯುತ್ತದೆ.

ಆಯ್ಕೆ: ಪದೇ ಪದೇ ಕಲ್ಲುದಾರಿ ಹತ್ತುವವರಿಗೆ ಉಕ್ಕು ಸೂಕ್ತ. ಹೆಚ್ಚಾಗಿ ಹೆದ್ದಾರಿಯಲ್ಲಿ ಓಡಾಡಿ, ಅಪರೂಪಕ್ಕೆ ಮಣ್ಣುದಾರಿಗೆ ಇಳಿಯುವವರಿಗೆ ಅಲ್ಯೂಮಿನಿಯಂ ಸಾಕು. ಯಾವುದೇ ಆಗಲಿ, ಫಲಕವನ್ನು ಚಾಸಿಗೆ ಬಿಗಿಸಿ, ಸಂಪ್‌ಗೆ ತಾಗದಷ್ಟು ಅಂತರ ಬಿಡಬೇಕು. ಆಯಿಲ್ ಬದಲಿಸಲು, ನೀರು ಇಳಿಯಲು ರಂಧ್ರಗಳಿರಬೇಕು. ಮಳೆಗಾಲದ ಪ್ರತಿ ಪ್ರವಾಸದ ನಂತರ ಮಣ್ಣು ತೊಳೆದು, ಬೋಲ್ಟ್‌ಗಳ ಬಿಗಿ ಪರೀಕ್ಷಿಸುವುದು ಅವಶ್ಯ.